ಟ್ರೇಲರ್ ಹಿಂದೆ ನಿಂತು ಹೇಳಿದವನು

ಯಾರೋ ಹೇಳಿದ್ದನ್ನು ಕೇಳಿ ನಾನು ಇದನ್ನು ಬರೆಯುತ್ತಿಲ್ಲ. ನನಗೇ ಆದದ್ದು. ದೆವ್ವದ ಕಥೆ ಕಟ್ಟಿ ಹೆದರಿಸುವಷ್ಟು ಮಾತು ನನ್ನ ಬಾಯಲ್ಲಿ ಇಲ್ಲ. ಜೇನು ಸಾಕುವವನು ನಾನು. ವರ್ಷದಲ್ಲಿ ಅರ್ಧ ಕಾಲ ಯಾರದೋ ಹೊಲದ ಬದುವಿನಲ್ಲಿ ಟೆಂಟು ಹಾಕಿಕೊಂಡು ಒಬ್ಬನೇ ಇರುತ್ತೇನೆ. ಕತ್ತಲೆ ನನಗೆ ಹೊಸದಲ್ಲ, ಒಂಟಿತನವೂ ಹೊಸದಲ್ಲ. ಅದಕ್ಕೇ ಹೇಳುತ್ತಿದ್ದೇನೆ... ಕತ್ತಲೆಗೆ ಬೆದರಿ ಏನೋ ಕಂಡೆ ಅಂದುಕೊಳ್ಳಬೇಡಿ. ನನಗೆ ಕಂಡದ್ದು ಏನೂ ಇಲ್ಲ. ಕೇಳಿಸಿದ್ದಷ್ಟೇ.

ನಮ್ಮದು ನ್ಯಾಮತಿ. ಜೇನಿನ ಕೆಲಸಕ್ಕೆ ನಾನು ಮತ್ತು ನನ್ನ ಅಕ್ಕನ ಗಂಡ ಮಂಜಣ್ಣ ಇಬ್ಬರೂ ಪಾಲುದಾರರು. ನಮ್ಮದೊಂದು ಹಳೆಯ ಜೀಪು, ಅದರ ಹಿಂದೆ ಕಟ್ಟುವ ಎರಡು ಚಕ್ರದ ಟ್ರೇಲರ್. ಎಲ್ಲಿ ಹೂವು ಬಿಡುತ್ತದೋ ಅಲ್ಲಿಗೆ ಪೆಟ್ಟಿಗೆ ಹೊತ್ತುಕೊಂಡು ಹೋಗುವುದು, ಹೂವು ಮುಗಿದರೆ ಇನ್ನೊಂದು ಕಡೆ. ಆ ಸಲ ಜಗಳೂರಿನ ಹತ್ತಿರ ಒಬ್ಬ ರೈತರ ಸೂರ್ಯಕಾಂತಿ ಹೊಲದಲ್ಲಿ ಇಟ್ಟಿದ್ದೆವು. ಹೂವು ಒಣಗಿ ತಲೆ ಬಗ್ಗಿಸಿದ್ದವು. ಸೂಳೆಕೆರೆ ಕಡೆ ಒಂದು ತೆಂಗಿನ ತೋಟ ಗೊತ್ತುಮಾಡಿಕೊಂಡು, ಪೆಟ್ಟಿಗೆ ಇಡಲು ಜಾಗ ಹಸನು ಮಾಡುತ್ತೇನೆಂದು ಭಾವ ಎರಡು ದಿನ ಮೊದಲೇ ಅಲ್ಲಿಗೆ ಹೋಗಿದ್ದರು. ಪೆಟ್ಟಿಗೆ ತರುವ ಕೆಲಸ ನನ್ನ ಪಾಲಿಗೆ ಬಂತು.

ಜೇನನ್ನು ಹಗಲಲ್ಲಿ ಸಾಗಿಸಲು ಆಗುವುದಿಲ್ಲ. ಸಂಜೆ ಎಲ್ಲ ಹುಳುಗಳೂ ಗೂಡು ಸೇರಿದ ಮೇಲೆ ಬಾಗಿಲಿಗೆ ಜಾಲರಿ ಹೊಡೆದು, ರಾತ್ರಿಯೇ ಹೊರಟು, ಬಿಸಿಲೇರುವ ಮೊದಲು ಇಳಿಸಿ ಬಾಗಿಲು ತೆಗೆಯಬೇಕು. ತಡವಾದರೆ ಒಳಗೇ ಬೆಂದು ಸಾಯುತ್ತವೆ. ಒಂದು ಸಲ ಹಾಗೆ ಸತ್ತ ಪೆಟ್ಟಿಗೆ ತೆರೆದು ನೋಡಿದವನು ಮತ್ತೆ ದಾರಿಯಲ್ಲಿ ನಿದ್ದೆ ಮಾಡುವುದಿಲ್ಲ.

ಆ ಸಂಜೆ ಹೊಲದ ಮನೆಯವರು ಪೆಟ್ಟಿಗೆ ಎತ್ತಿಕೊಟ್ಟು ತಮ್ಮ ಊರಿಗೆ ಹೋದರು. ಹಗ್ಗ ಬಿಗಿದೆ. ಟ್ರೇಲರ್ ತುಂಬಾ ಆಳೆತ್ತರ ಪೆಟ್ಟಿಗೆ. ಡ್ರೈವರ್ ಸೀಟಿನಲ್ಲಿ ಕೂತು ತಿರುಗಿ ನೋಡಿದರೆ ಪೆಟ್ಟಿಗೆಗಳ ಗೋಡೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸಾವಿರಾರು ರೆಕ್ಕೆಗಳ ಗುಂಯ್ ಸದ್ದು ಬೆನ್ನಿಗೆ ಒತ್ತಿಕೊಂಡಂತೆ ಬರುತ್ತಿತ್ತು. ಭಾವನಿಗೆ ಫೋನು ಮಾಡಿ ಹೊರಟೆ ಅಂದೆ. ಬೆಳಗಾಗುವುದರೊಳಗೆ ಬಾ ಅಂದರು.

ಹೈವೇಯಲ್ಲಿ ಲಾರಿಗಳ ಕಾಟ ಎಂದು ಆದಷ್ಟು ಒಳರಸ್ತೆಯಲ್ಲೇ ಹೋಗುವುದು ನಮ್ಮ ರೂಢಿ. ಆ ಕಡೆಯ ನೆಲ ನೋಡಿದವರಿಗೆ ಗೊತ್ತು... ಎರಡೂ ಬದಿ ಬಯಲು, ಅಲ್ಲೊಂದು ಇಲ್ಲೊಂದು ಜಾಲಿ, ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು. ರಾತ್ರಿ ಅವುಗಳ ತುದಿಯ ಕೆಂಪು ದೀಪಗಳು ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತವೆ. ನಡುವೆ ಒಂದೂ ಮನೆ ಇಲ್ಲ.

ಸ್ವಲ್ಪ ದೂರ ಹೋಗಿದ್ದೆ. ಹಿಂದಿನಿಂದ ಕಿರ್‍ರೆಂದು ಬ್ರೇಕಿನ ಸದ್ದು. ಒಂದು ಬೈಕು ಟ್ರೇಲರ್ ಪಕ್ಕಕ್ಕೆ ಉಜ್ಜಿಕೊಂಡಂತೆ ಹಾದು ಮುಂದೆ ಬಂದು ಅಡ್ಡ ನಿಂತಿತು. ಸವಾರ ಹೆಲ್ಮೆಟ್ ತೆಗೆದ. ನಡುವಯಸ್ಸಿನವನು.

“ಏನ್ರೀ, ಹಿಂದೆ ಒಂದು ಲೈಟೂ ಇಲ್ಲ. ಗೋಡೆ ಬಂದಂಗೆ ಬಂತು ಕಣ್ಣಿಗೆ. ಇನ್ನೊಂದು ಮಾರು ಆಗಿದ್ರೆ ನಾನು ಪೆಟ್ಟಿಗೆ ಒಳಗೆ ಇರ್ತಿದ್ದೆ.”

ನಾನು ಕೈ ಮುಗಿದೆ. ಹೊರಡುವಾಗ ಎಲ್ಲ ಹತ್ತುತ್ತಿತ್ತು ಎಂದೆ. ಅದು ನಿಜವೇ. ಹಿಂಗೇ ಮುಂದೆ ಹೋಗಬೇಡಿ, ಯಾರ ಪ್ರಾಣವಾದರೂ ಹೋಗುತ್ತದೆ ಎಂದು ಹೇಳಿ ಅವನು ಬೈಕು ಏರಿ ಹೋದ. ಅವನ ಬೈಕಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ. ಆಮೇಲೆ ರಸ್ತೆ ಪೂರ್ತಿ ನನ್ನದೇ.

ಜೀಪನ್ನು ಎಡಕ್ಕೆ ಇಳಿಸಿದೆ. ಪಕ್ಕದಲ್ಲಿ ಜಾಲಿಯ ಬೇಲಿ, ಅದರಾಚೆ ಕೊಯ್ದ ಜೋಳದ ಹೊಲ. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಫ್ಯೂಸು ತೆಗೆದು ನೋಡಿದರೆ ಸುಟ್ಟಿತ್ತು. ಹೊಸದು ಹಾಕಿದೆ. ಜೀಪಿನಿಂದ ಟ್ರೇಲರಿಗೆ ಕರೆಂಟು ಹೋಗುವ ಪ್ಲಗ್ಗು ಕಿತ್ತು, ಒಳಗೆ ತುಂಬಿದ್ದ ಕೆಂಪು ಧೂಳು ಊದಿ ಮತ್ತೆ ಸಿಕ್ಕಿಸಿದೆ. ಹಿಂದೆ ಹೋಗಿ ನೋಡಿದೆ. ಎರಡೂ ಕೆಂಪು ದೀಪ ಮಂದವಾಗಿ ಉರಿಯುತ್ತಿದ್ದವು.

ಇದನ್ನು ಒತ್ತಿ ಹೇಳುತ್ತೇನೆ. ಆಗ ನಾನು ಟ್ರೇಲರಿನ ಹಿಂದೆ ನಿಂತಿದ್ದೆ. ಅಲ್ಲಿ ಯಾರೂ ಇರಲಿಲ್ಲ.

ಉಳಿದದ್ದು ಬ್ರೇಕ್ ಲೈಟು. ಅದೊಂದು ಕೆಲಸ ಒಬ್ಬನಿಂದ ಆಗುವುದು ಕಷ್ಟ. ಒಬ್ಬ ಪೆಡಲು ತುಳಿಯಬೇಕು, ಇನ್ನೊಬ್ಬ ಹಿಂದೆ ನಿಂತು ಹತ್ತಿತೋ ಇಲ್ಲವೋ ಹೇಳಬೇಕು. ಯಾವಾಗಲೂ ಭಾವ ಹಿಂದೆ ನಿಲ್ಲುತ್ತಿದ್ದರು. ಒಬ್ಬನೇ ಇದ್ದರೆ ಪೆಡಲಿನ ಮೇಲೆ ಭಾರದ ಕಲ್ಲೊಂದು ಇಟ್ಟು ಹೋಗಿ ನೋಡಬಹುದು. ನಾನೂ ಹಾಗೇ ಮಾಡಬೇಕೆಂದಿದ್ದೆ. ಆದರೆ ಸೀಟಿನಲ್ಲಿ ಕೂತ ಕೂಡಲೇ ಕಾಲು ತಾನಾಗಿ ಪೆಡಲು ತುಳಿಯಿತು, ಬಾಯಿ ತಾನಾಗಿ ಕೇಳಿತು.

“ಹತ್ತಿತಾ?”

“ಇಲ್ಲ.”

ಹಿಂದಿನಿಂದ. ಗಂಡಸಿನ ದನಿ. ಮೆಲ್ಲಗೆ, ಪಕ್ಕದಲ್ಲಿ ಯಾರೋ ಮಲಗಿದ್ದಾರೆ, ಎಚ್ಚರ ಆದಾರು ಎನ್ನುವ ಹಾಗೆ.

ನಿಜ ಹೇಳಬೇಕೆಂದರೆ ನನಗೆ ಆಗ ಭಯ ಆಗಲಿಲ್ಲ. ಖುಷಿಯೇ ಆಯಿತು. ವರ್ಷದ ಆ ಕಾಲದಲ್ಲಿ ಕುರಿ ಮೇಯಿಸುವವರು ಕೊಯ್ದ ಹೊಲಗಳಲ್ಲಿ ಮಂದೆ ಹಾಕಿ ಮಲಗುತ್ತಾರೆ. ಅವರಲ್ಲೇ ಒಬ್ಬರು ಸದ್ದು ಕೇಳಿ ಎದ್ದು ಬಂದಿರಬೇಕು ಅಂದುಕೊಂಡೆ.

“ಯಾರ್‍ರೀ?” ಎಂದೆ.

“ಇಲ್ಲೇ ಇರೋನು. ನೀವು ಕೆಲಸ ನೋಡ್ಕಳ್ರಿ.”

ಮತ್ತೆ ತುಳಿದೆ. ಏನಾಗುತ್ತೆ ಸ್ವಲ್ಪ ನೋಡಿ ಹೇಳಿ ಅಂದೆ.

“ತುಳಿದ್ರೆ ಇರೋದೂ ಆರ್ತೈತೆ.”

ಸರಿಯಾಗಿ ಹೇಳಿದ ಅನ್ನಿಸಿತು. ಉರಿಯುತ್ತಿದ್ದ ದೀಪ ಬ್ರೇಕು ತುಳಿದಾಗ ಆರಿದರೆ ಅರ್ತ್ ವೈರು, ಕರೆಂಟು ವಾಪಸಾಗುವ ವೈರು, ಎಲ್ಲೋ ಸಡಿಲಾಗಿದೆ ಎಂದರ್ಥ. ಇಳಿದು ಜೀಪಿಗೂ ಟ್ರೇಲರಿಗೂ ನಡುವೆ ನುಗ್ಗಿ, ಕೊಂಡಿಯ ಹತ್ತಿರ ಅಂಗಾತ ಮಲಗಿದೆ. ಮಣ್ಣು ತಣ್ಣಗಿತ್ತು. ವೈರುಗಳನ್ನು ಒಂದೊಂದಾಗಿ ಬೆರಳಿನಲ್ಲಿ ಸವರುತ್ತಾ ಹೋದೆ.

ಅಲ್ಲಿ ಮಲಗಿದ್ದಾಗಲೇ ಎರಡು ಸಂಗತಿ ಗಮನಕ್ಕೆ ಬಂದವು.

ಮೊದಲನೆಯದು ವಾಸನೆ. ಕುರಿಯವರು ಹತ್ತಿರ ಇದ್ದರೆ ಉಣ್ಣೆ, ಹಿಕ್ಕೆ, ಬೀಡಿ ಯಾವುದಾದರೂ ಒಂದು ಮೂಗಿಗೆ ಬರಬೇಕು. ಬಂದದ್ದು ಬೇರೆ... ವರ್ಷಗಟ್ಟಲೆ ಬೀಗ ಹಾಕಿದ್ದ ಕೋಣೆಯ ಬಾಗಿಲು ತೆಗೆದಾಗ ಬರುತ್ತದಲ್ಲ, ಆ ವಾಸನೆ. ಬಟಾಬಯಲಿನಲ್ಲಿ.

ಎರಡನೆಯದು ಜೇನು. ಗುಂಯ್ ಅನ್ನುವ ಸದ್ದು ನಿಂತುಹೋಗಿತ್ತು. ನನ್ನ ತಲೆಯ ಹತ್ತಿರವೇ ಟ್ರೇಲರ್ ತುಂಬಾ ಪೆಟ್ಟಿಗೆ, ಅದರಲ್ಲಿ ಲಕ್ಷಗಟ್ಟಲೆ ಹುಳು. ಒಂದು ಚೂರು ಸದ್ದಿಲ್ಲ. ಸಾಗಿಸುವಾಗ ಜೇನು ಯಾವತ್ತೂ ಸುಮ್ಮನಿರುವುದಿಲ್ಲ. ಸೆಕೆಯಾಗಿ ಸತ್ತವೇನೋ ಎಂದು ಗಾಬರಿಯಾಗಿ ಒಂದು ಪೆಟ್ಟಿಗೆಗೆ ಬೆರಳಿನಿಂದ ತಟ್ಟಿದೆ. ಒಳಗೆ ಚುರ್ರ್ ಎಂದು ಒಂದು ಉಸಿರಿನಷ್ಟು ಅಲುಗಾಟ. ಮತ್ತೆ ಮೌನ. ಬದುಕಿದ್ದವು, ಉಸಿರು ಬಿಗಿಹಿಡಿದು ಕೂತಿದ್ದವು ಅಷ್ಟೇ.

“ಒಬ್ರೇನಾ?” ಹಿಂದಿನಿಂದ ಕೇಳಿತು.

“ಒಬ್ನೇ.”

“ನಾನೂನು.”

ಮಾತು ಬೆಳೆಸಲೆಂದು ಯಾವ ಊರು ಎಂದು ಕೇಳಿದೆ. ಅದನ್ನು ಹೇಳದೆ ನನ್ನ ಊರು ಕೇಳಿತು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿತು. ನಾನು ಹೇಳುತ್ತಾ ಹೋದೆ. ಕೈ ವೈರಿನ ಮೇಲೆ, ಬಾಯಿ ಮಾತಿನ ಮೇಲೆ. ಮದುವೆ ಆಗಿಲ್ಲ, ಹೊಲದಿಂದ ಹೊಲಕ್ಕೆ ಅಲೆಯುವವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದೆ. ಟೆಂಟಿನಲ್ಲಿ ಸಂಜೆ ಅನ್ನ ಮಾಡಿಕೊಂಡು ಉಣ್ಣುವಾಗ ಕೆಲವು ಸಲ ನನ್ನ ದನಿ ಹೇಗಿದೆ ಎಂದು ನೋಡಲು ಜೋರಾಗಿ ಏನಾದರೂ ಹೇಳಿಕೊಳ್ಳುತ್ತೇನೆ ಎಂದೆ. ಇದನ್ನು ನಾನು ಅಕ್ಕನಿಗೂ ಹೇಳಿದವನಲ್ಲ. ಮುಖ ಕಾಣದವನ ಮುಂದೆ ಹೇಳುವುದು ಸುಲಭ ಆಯಿತೋ ಏನೋ. ಅವನು ಆಗಾಗ “ಹ್ಞೂಂ” ಎನ್ನುತ್ತಿದ್ದ. ಕೇಳಿಸಿಕೊಳ್ಳುತ್ತಿದ್ದಾನೆ ಎನ್ನುವುದು ಗೊತ್ತಾಗುತ್ತಿತ್ತು.

ವೈರು ಸಿಕ್ಕಿತು. ಕೊಂಡಿ ಅಲುಗಾಡಿ ಅಲುಗಾಡಿ ಅರ್ತ್ ವೈರನ್ನು ಸವೆಸಿ, ಎರಡು ಎಳೆಯ ಮೇಲೆ ನಿಲ್ಲಿಸಿತ್ತು. ಹಳೆಯದನ್ನು ಕತ್ತರಿಸಿ, ಚಾಕುವಿನಿಂದ ಕಬ್ಬಿಣದ ತುಕ್ಕು ಕೆರೆದು ಹೊಳಪು ಬರಿಸಿ, ಹೊಸ ತುದಿಯನ್ನು ಬೋಲ್ಟಿಗೆ ಸುತ್ತಿ ಬಿಗಿದೆ. ಮೇಲೆ ಟೇಪು ಸುತ್ತಿದೆ. ಇಷ್ಟು ಗಟ್ಟಿಯಾಗಿ ಕಟ್ಟಿದ ಮೇಲೆ ಹತ್ತಲೇಬೇಕು.

ಸೀಟಿಗೆ ಬಂದು ತುಳಿದೆ. “ಈಗ?”

“ಇಲ್ಲ.”

ಇಳಿದೆ, ಬೋಲ್ಟು ಇನ್ನೊಂದು ಸುತ್ತು ಬಿಗಿದೆ, ಬಂದು ತುಳಿದೆ.

“ಇಲ್ಲ.”

ಹಾಗಾದರೆ ಬಲ್ಬೇ ಹೋಗಿರಬೇಕು, ಹಿಂದೆ ಬಂದು ನೋಡುತ್ತೇನೆ ಎಂದೆ.

“ಬಲ್ಬು ಚೆನ್ನಾಗೈತೆ,” ಎಂದ. ಮೊದಲಿಗಿಂತ ಸ್ವಲ್ಪ ಬೇಗನೆ ಬಂತು ಆ ಮಾತು. “ನೀವು ಬರಾಕೆ ಹೋಗಬ್ಯಾಡ್ರಿ. ಮುಂದೇನೇ ನೋಡ್ರಿ.”

ನನ್ನ ಒಂದು ಕಾಲು ಆಗಲೇ ಕೆಳಗಿತ್ತು. ಯಾಕೋ ಅದನ್ನು ಮೇಲೆ ಎಳೆದುಕೊಂಡೆ. ಗಾಳಿಯಂತ್ರಗಳ ರೆಕ್ಕೆ ಹೂಂ... ಹೂಂ... ಎಂದು ತಿರುಗುವುದು ದೂರದಿಂದ ಕೇಳುತ್ತಿತ್ತು. ಮತ್ತೊಮ್ಮೆ ಬ್ರೇಕು ತುಳಿದೆ. ಆಗ ಯಾವ ಯೋಚನೆಯೂ ಇಲ್ಲದೆ ನನ್ನ ಕಣ್ಣು ಪಕ್ಕದ ಕನ್ನಡಿಯ ಮೇಲೆ ಬಿತ್ತು.

ಕನ್ನಡಿಯಲ್ಲಿ ಜಾಲಿಯ ಬೇಲಿ ಕಾಣುತ್ತಿತ್ತು. ಬೇಲಿ ಕೆಂಪಗಿತ್ತು.

ಕಾಲು ತೆಗೆದೆ. ಬೇಲಿ ಮಸುಕಾಯಿತು. ತುಳಿದೆ. ಒಂದೊಂದು ಮುಳ್ಳೂ ಎದ್ದು ಕಾಣುವಷ್ಟು ಕೆಂಪು ಉಕ್ಕಿ ಬಂತು. ಬಿಟ್ಟೆ, ಮಸುಕು. ತುಳಿದೆ, ಕೆಂಪು. ಬ್ರೇಕ್ ಲೈಟು ಹತ್ತುತ್ತಿತ್ತು. ಬಹುಶಃ ಮೊದಲ ಸಲ ಬೋಲ್ಟು ಬಿಗಿದಾಗಿನಿಂದಲೂ ಹತ್ತುತ್ತಿತ್ತು.

ಕಾಲನ್ನು ಪೆಡಲಿನ ಮೇಲೇ ಒತ್ತಿ ಹಿಡಿದು, ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ.

“ಹತ್ತಿತಾ?”

“ಇಲ್ಲ...” ಎಂದ. “ಇನ್ನೊಂದ್ ಸಲ ನೋಡ್ರಿ.”

ಕನ್ನಡಿಯಿಂದ ಕಣ್ಣು ತೆಗೆಯಲಾಗಲಿಲ್ಲ. ಟ್ರೇಲರಿನ ಹಿಂದಿನ ರಸ್ತೆ, ಮಣ್ಣಿನ ಅಂಚು, ಬೇಲಿ, ಎಲ್ಲದರ ಮೇಲೂ ಕೆಂಪು ಬೆಳಕು ಬಿದ್ದಿತ್ತು. ದನಿ ಬಂದದ್ದು ಅಲ್ಲಿಂದಲೇ, ಆ ಬೆಳಕಿನ ನಟ್ಟನಡುವಿನಿಂದ. ಅಲ್ಲಿ ಮನುಷ್ಯ ನಿಂತಿದ್ದರೆ ಅವನ ನೆರಳು ಬೇಲಿಯ ಮೇಲೆ ಬೀಳಬೇಕಿತ್ತು. ಬೇಲಿಯ ಮೇಲೆ ಇದ್ದದ್ದು ಮುಳ್ಳಿನ ನೆರಳು ಮಾತ್ರ.

ಕಿರುಚಬೇಕು ಅನ್ನಿಸಲಿಲ್ಲ. ಕಿರುಚಿದರೆ ಅದಕ್ಕೂ ಅದು ಉತ್ತರ ಕೊಡುತ್ತದೆ ಎಂಬ ಯೋಚನೆ ಬಂತು. ವೈರು ಕೆಟ್ಟಿರುವವರೆಗೆ ನನಗೆ ಸತ್ಯ ಹೇಳಿದ್ದ. ಸರಿಯಾದ ಮೇಲೆ ಸುಳ್ಳು ಹೇಳುತ್ತಿದ್ದ. ಹಾಗೇ ಹೇಳುತ್ತಾ ಎಷ್ಟು ಹೊತ್ತು ನನ್ನನ್ನು ಅಲ್ಲಿ ಕೂರಿಸಿಕೊಳ್ಳಬೇಕೆಂದಿದ್ದನೋ. ಬೆಳಗಾಗುವವರೆಗೋ. ಬಿಸಿಲೇರಿ ಪೆಟ್ಟಿಗೆಗಳೆಲ್ಲ ಸಾಯುವವರೆಗೋ.

ಕೀಲಿ ತಿರುಗಿಸಿದೆ. ಹಳೆಯ ಎಂಜಿನ್, ಮೊದಲ ಸಲಕ್ಕೆ ಹಿಡಿಯಲಿಲ್ಲ.

“ಹತ್ತಿಲ್ಲ ಕಣ್ರಿ,” ಎಂದ. ಸಿಟ್ಟಿನ ದನಿಯಲ್ಲ. ಬೇಡಿಕೊಳ್ಳುವ ದನಿ. “ಹಿಂದಿಂದ ಯಾರಾದ್ರೂ ಬಂದು ಗುದ್ದಿಬಿಟ್ಟಾರು. ಈಗ್ಲೇ ಹೋಗಬ್ಯಾಡ್ರಿ. ಇರ್ರಿ ಸ್ವಲ್ಪ.”

ಎರಡನೆಯ ಸಲಕ್ಕೆ ಎಂಜಿನ್ ಹಿಡಿಯಿತು. ಗೇರು ಹಾಕಿದೆ. ಆಗ ನನ್ನ ಬಾಯಿಂದ ಒಂದು ಮಾತು ಬಂತು. ಯಾಕೆ ಬಂತು ಎಂದರೆ ಇಷ್ಟೇ, ನಮ್ಮ ಕಡೆ ಯಾರೂ ಎದ್ದು ಹೊರಡುವಾಗ ಹೋಗುತ್ತೇನೆ ಅನ್ನುವುದಿಲ್ಲ. ಸತ್ತವರ ಮನೆಯಿಂದ ಎದ್ದು ಬರುವಾಗ ಬಿಟ್ಟರೆ ಎಲ್ಲಿಂದ ಹೊರಟರೂ ಅದೇ ಒಂದು ಮಾತು. ಚಿಕ್ಕಂದಿನಿಂದ ನಾಲಿಗೆಗೆ ಹತ್ತಿದ್ದು. ಅಷ್ಟು ಹೊತ್ತು ಜೊತೆಗಿದ್ದವನಿಗೆ ಏನೂ ಹೇಳದೆ ಹೊರಡಲು ನಾಲಿಗೆ ಒಪ್ಪಲಿಲ್ಲ.

“ಬರ್ತೀನಿ,” ಎಂದೆ.

“ಯಾವಾಗ?”

ಈ ಸಲ ಹಿಂದಿನಿಂದ ಬಂದದ್ದಲ್ಲ. ನನ್ನ ಪಕ್ಕದ ಖಾಲಿ ಸೀಟಿನ ಕಡೆಯಿಂದ, ಕೈ ಚಾಚಿದರೆ ತಾಗುವಷ್ಟು ಹತ್ತಿರದಿಂದ, ಅದೇ ಮೆಲುದನಿ. ಬೀಗ ಹಾಕಿದ ಕೋಣೆಯ ವಾಸನೆ ಮುಖಕ್ಕೆ ರಪ್ಪೆಂದು ಬಡಿಯಿತು.

ನಾನು ಆ ಕಡೆ ತಿರುಗಲಿಲ್ಲ. ತಿರುಗದೆ ಇದ್ದದ್ದು ಧೈರ್ಯದಿಂದಲ್ಲ, ಕುತ್ತಿಗೆ ತಿರುಗಲೇ ಇಲ್ಲ. ಜೀಪು ಮಣ್ಣಿನಿಂದ ರಸ್ತೆಗೆ ಹಾರಿತು. ಟ್ರೇಲರ್ ಹಿಂದೆ ಗಡಗಡ ಎಂದಿತು. ಹಗ್ಗ ಬಿಚ್ಚಿ ಪೆಟ್ಟಿಗೆ ಬಿದ್ದರೂ ಇಳಿಯುವುದಿಲ್ಲ ಎಂದುಕೊಂಡು ಓಡಿಸಿದೆ. ಗುಂಡಿ ಬಂದಾಗ ಬ್ರೇಕು ತುಳಿಯಬೇಕಾಗುತ್ತಿತ್ತು. ತುಳಿದಾಗಲೆಲ್ಲ ಕನ್ನಡಿಯಲ್ಲಿ ಹಿಂದಿನ ರಸ್ತೆ ಕೆಂಪಾಗುತ್ತಿತ್ತು. ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಏನೂ ಇರಲಿಲ್ಲ. ಏನೂ ಇಲ್ಲ ಎನ್ನುವುದು ಸಮಾಧಾನ ಕೊಡಲೂ ಇಲ್ಲ.

ಬಹಳ ದೂರ ಬಂದ ಮೇಲೆ, ಹೈವೇಯ ಬೆಳಕು ಕಾಣುವ ಹೊತ್ತಿಗೆ, ಬೆನ್ನ ಹಿಂದೆ ಒಂದು ಪೆಟ್ಟಿಗೆ ಮೆಲ್ಲಗೆ ಗುಂಯ್ ಎಂದಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲವೂ. ಆಗ ನಾನು ಅತ್ತೆ.

ಸೂಳೆಕೆರೆ ತಲುಪಿದಾಗ ಇನ್ನೂ ನಸುಕು. ಕೆರೆಯ ಮೇಲೆ ಮಂಜು, ಮೀನಿನ ವಾಸನೆ, ನೀರಿನ ಮೇಲೆ ಎಲ್ಲೋ ತೆಪ್ಪದ ಹುಟ್ಟಿನ ಸದ್ದು. ಭಾವ ತೋಟದ ಬಾಯಲ್ಲಿ ಟಾರ್ಚು ಹಿಡಿದು ನಿಂತಿದ್ದರು. ದಾರಿಯಲ್ಲಿ ಲೈಟು ಕೆಟ್ಟಿತ್ತು, ಸರಿಮಾಡಿಕೊಂಡು ಬಂದೆ ಎಂದಷ್ಟೇ ಹೇಳಿದೆ. ಪೆಟ್ಟಿಗೆ ಇಳಿಸಿ ಬಾಗಿಲು ತೆಗೆದೆವು. ಒಂದೂ ಸತ್ತಿರಲಿಲ್ಲ.

ಭಾವ ಟ್ರೇಲರ್ ಹಿಂದೆ ಹೋಗಿ, ತುಳಿ ನೋಡೋಣ ಎಂದರು. ತುಳಿದೆ. ಚೆನ್ನಾಗೇ ಹತ್ತೈತಲ್ಲೋ ಎಂದರು. ಅವರು ಹೇಳಿದ್ದನ್ನು ನಂಬದೆ ನಾನು ಕನ್ನಡಿ ನೋಡಿದೆ.

“ರುದ್ರೇಶ, ಇಡೀ ಟ್ರೇಲರ್ ಕೆಂಪು ಧೂಳು ತುಂಬೈತೆ,” ಎಂದರು ಭಾವ ಹಿಂದಿನಿಂದ. “ಲೈಟಿನ ಗಾಜು ಎರಡೂ ಮಾತ್ರ ಒರೆಸಿದಂಗೈತೆ. ನೀನು ಒರೆಸಿದ್ದೇನು?”

ಹೌದು ಎಂದೆ. ನಾನು ಒರೆಸಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಅವರಿಗೆ ಹೇಳಿದೆ. ನಗಲಿಲ್ಲ. ಜಗಳೂರಿನ ಕಡೆ ಕೆಲಸವಿದ್ದಾಗ ಬೈಕಿನಲ್ಲಿ ಹಗಲು ಹೊತ್ತು ಆ ದಾರಿಯಲ್ಲೇ ಹೋಗಿ, ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಒಬ್ಬ ವಯಸ್ಸಾದ ಹೆಂಗಸನ್ನು ಮಾತಾಡಿಸಿ ಬಂದರು. ಅಲ್ಲಿ ಏನಾದರೂ ಅಪಘಾತ ಆಗಿತ್ತೇ, ಯಾರಾದರೂ ಸತ್ತಿದ್ದರೇ, ಗೋರಿಯೋ ಹಳೆಯ ಮನೆಯೋ ಇತ್ತೇ ಎಂದು ಕೇಳಿದರಂತೆ. ಆಕೆ ಯೋಚನೆ ಮಾಡಿ ಇಲ್ಲ ಅಂದಳಂತೆ. ಕುರಿಯವರೂ ಅಲ್ಲಿ ಮಂದೆ ಹಾಕುವುದಿಲ್ಲವಂತೆ, ನೀರಿಲ್ಲ ಎಂದು. ಅಲ್ಲಿ ಯಾರೂ ಇಲ್ಲ, ಹಿಂದೆಯೂ ಯಾರೂ ಇರಲಿಲ್ಲ, ನಾನು ಹುಟ್ಟಿದಾಗಿಂದ ಅದು ಬರೀ ಬಯಲು ಎಂದಳಂತೆ.

ಯಾರಾದರೂ ಸತ್ತಿದ್ದರು ಎಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅದು ನನಗೆ ಕೆಟ್ಟದ್ದೇನೂ ಮಾಡಲಿಲ್ಲ. ಕೂತು ಯೋಚಿಸಿದಾಗ ಅನ್ನಿಸುವುದು ಅದೇ. ಅದಕ್ಕೇ ಮನಸ್ಸು ತಡೆಯುವುದಿಲ್ಲ. ಹೊಲದ ಟೆಂಟಿನಲ್ಲಿ ಒಬ್ಬನೇ ಉಣ್ಣುವಾಗ ನಾನೀಗ ಜೋರಾಗಿ ಮಾತಾಡಿಕೊಳ್ಳುವುದನ್ನು ಬಿಟ್ಟಿದ್ದೇನೆ. ಯಾರ ಮನೆಯಿಂದ ಹೊರಟರೂ ಸುಮ್ಮನೆ ಕೈ ಮುಗಿದು ಬರುತ್ತೇನೆ. ಅಕ್ಕನಿಗೆ ಇದು ಸರಿಬರುವುದಿಲ್ಲ. ಹೊಸಿಲು ದಾಟುವಾಗ ತಡೆದು ನಿಲ್ಲಿಸಿ, ಬಾಯಿಬಿಟ್ಟು ಹೇಳಿ ಹೋಗು ಎನ್ನುತ್ತಾಳೆ. ನನಗೆ ಆ ಮಾತು ಬಾಯಿಗೆ ಬರುವುದಿಲ್ಲ. ಆಗಲೇ ಒಬ್ಬರಿಗೆ ಕೊಟ್ಟಾಗಿದೆ.

ಮೊನ್ನೆ ಸೂರ್ಯಕಾಂತಿ ಹೊಲದ ರೈತರು ಫೋನು ಮಾಡಿದ್ದರು. ಈ ಸಲವೂ ಬಿತ್ತಿದ್ದಾರೆ, ಮೊಗ್ಗು ಒಡೆಯುತ್ತಿದೆ, ಪೆಟ್ಟಿಗೆ ಯಾವಾಗ ತರುತ್ತೀರಿ ಎಂದು ಕೇಳಿದರು. ಭಾವನನ್ನು ಕೇಳಿ ಹೇಳುತ್ತೇನೆ ಎಂದೆ. ಭಾವ ನಾನೂ ಜೊತೆಗೆ ಬರುತ್ತೇನೆ, ಬೇರೆ ದಾರಿಯಲ್ಲಿ ಹೋಗೋಣ ಎಂದಿದ್ದಾರೆ.

ನಾನಿನ್ನೂ ಏನೂ ಹೇಳಿಲ್ಲ. ಹೂವು ನಾಲ್ಕು ದಿನದಲ್ಲಿ ಬಿಡುತ್ತದೆ.